ರಾಯಪುರಂನಲ್ಲಿ ನಡೆಯದ ಯುದ್ಧ

ಯುದ್ಧಕ್ಕೆ ಮೊಟ್ಟಮೊದಲು ಬೇಕಾದದ್ದು ಮರಳಿನ ಮೂಟೆ ಎಂದು ಚೆನ್ನೈಯ ನಮ್ಮ ಸುದ್ದಿವಾಹಿನಿಯ ಮುಖ್ಯಸ್ಥ ರಾಘವನ್ ನಂಬಿದ್ದರು. ಗಡಿಯಲ್ಲಿ ಗುಂಡಿನ ಚಕಮಕಿ ಶುರುವಾಯಿತೆಂಬ ಸುದ್ದಿ ಬಂದ ಬೆಳಿಗ್ಗೆ ಅವರು ಫೋನು ಮಾಡಿದ್ದು ದೆಹಲಿಯ ವರದಿಗಾರನಿಗಲ್ಲ, ವಡಪಳನಿಯಲ್ಲಿ ಸಿನಿಮಾ ಸೆಟ್ಟಿನ ಸಾಮಾನು ಬಾಡಿಗೆಗೆ ಕೊಡುವವನಿಗೆ. ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಗಿಂಡಿಯ ನಮ್ಮ ಸ್ಟುಡಿಯೋದಲ್ಲಿ ಮೂಟೆಗಳ ಗೋಡೆ ಎದ್ದು ನಿಂತಿತ್ತು. ಒಳಗಿದ್ದದ್ದು ಮರಳಲ್ಲ, ಥರ್ಮೋಕೋಲು. ಏಸಿಯ ಗಾಳಿ ಜೋರಾದರೆ ಮೇಲಿನ ಸಾಲು ಅಲುಗಾಡುತ್ತಿತ್ತು. ಮೊದಲ ಕಾರ್ಯಕ್ರಮದಲ್ಲೇ ನಿರೂಪಕ ಹರೀಶ್ ಆವೇಶ ಬಂದು ಅದಕ್ಕೆ ಮೊಣಕೈ ಊರಿದ. ಶತ್ರುವಿನ ಒಂದು ಗುಂಡೂ ಇಲ್ಲದೆ ನಮ್ಮ ಕೋಟೆ ನೇರಪ್ರಸಾರದಲ್ಲಿ ಬಿದ್ದಿತು. ಮರುದಿನದಿಂದ ಮೂಟೆಗಳನ್ನು ಒಂದಕ್ಕೊಂದು ಅಂಟಿಸಿಟ್ಟರು.

ಸುದ್ದಿಮನೆಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಕಂಡರೆ, ಯುದ್ಧದ ಸುದ್ದಿ ಮಾಡುವುದು ಹೇಗಿರುತ್ತದೆ ಮೇಡಂ ಎಂದು ಕೇಳುತ್ತಾರೆ. ಅವರ ಕಣ್ಣಿನಲ್ಲಿ ಹೆಲ್ಮೆಟ್ಟು, ಧೂಳು, ದೂರದ ಬೆಟ್ಟ ಇರುತ್ತವೆ. ನಾನು ಕಂಡ ಯುದ್ಧವೆಲ್ಲ ಗಿಂಡಿಯ ಕೈಗಾರಿಕಾ ಪ್ರದೇಶದಲ್ಲಿ, ಹಿಂದೆ ನೀರಿನ ಪಂಪು ತಯಾರಿಸುತ್ತಿದ್ದ ಶೆಡ್ಡಿನೊಳಗೆ ನಡೆದದ್ದು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ತಿರುವಲ್ಲಿಕ್ಕೇಣಿಯಲ್ಲಿ ತಲೆಮಾರುಗಳಿಂದ ನೆಲೆಸಿದ ವೈಷ್ಣವರ ಮನೆಯವಳು. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನ ಮಗಳಿಗೆ ನಾನು ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ತಿರುಗಿಸಿ ಬೈಯುತ್ತಾಳೆ. ಇಬ್ಬರಿಗೂ ಅರ್ಥವಾಗುತ್ತದೆ. ನಮ್ಮ ಸಂಸ್ಥೆ ಒಂದೇ ಕಟ್ಟಡದಿಂದ ನಾಲ್ಕು ಭಾಷೆಗಳಲ್ಲಿ ಸುದ್ದಿ ಬಿತ್ತರಿಸುತ್ತಿತ್ತು. ಕನ್ನಡ ಬಲ್ಲವರು ಬೇಕಾಗಿದ್ದರು, ನಾನು ಸಿಕ್ಕಿದೆ. ನಿವೃತ್ತಿಯವರೆಗೂ ಕನ್ನಡ ವಿಭಾಗದಲ್ಲೇ ಇದ್ದೆ.

ಗಡಿಯ ಗಲಾಟೆಗೆ ಎಷ್ಟೋ ವರ್ಷ ಮೊದಲು, ದೊಡ್ಡ ದೇಶವೊಂದು ತನ್ನ ಪಕ್ಕದ ಪುಟ್ಟ ದೇಶಕ್ಕೆ ಸೈನ್ಯ ನುಗ್ಗಿಸಿತು. ಅಲ್ಲಿನ ಜನರನ್ನು ಅವರ ಸರಕಾರದಿಂದಲೇ ಕಾಪಾಡಲು ಹೋಗುತ್ತಿದ್ದೇವೆ ಎಂದು ಹೇಳಿಕೊಂಡಿತು. ಇದನ್ನು ಏನೆಂದು ಕರೆಯಬೇಕು? ತಮಿಳಿನವರು ದಂಡಯಾತ್ರೆ ಎಂಬರ್ಥದ ಪದ ಹಾಕಿದರು. ತೆಲುಗಿನವರು ನೆರವು ಎಂದರು. ಮಲಯಾಳದವರು ಸಂಜೆಯವರೆಗೆ ಚರ್ಚೆ ಮಾಡಿದರು. ನಾನು ಯೋಚಿಸಿ ‘ಮಧ್ಯಪ್ರವೇಶ’ ಎಂದು ಬರೆದುಕೊಟ್ಟೆ. ಪರದೆಯ ತಳದಲ್ಲಿ ಓಡುವ ಪಟ್ಟಿಯಲ್ಲಿ ಅದು ಹಿಡಿಸುವುದಿಲ್ಲವೆಂದು ಗ್ರಾಫಿಕ್ಸಿನ ಹುಡುಗ ‘ಮಧ್ಯ’ವನ್ನು ಕತ್ತರಿಸಿದ. ‘ಸೇನೆ ಪ್ರವೇಶ ಆರಂಭ’ ಎಂದು ಅದು ದಿನವಿಡೀ ಓಡಿತು. ಮಂಡ್ಯ, ಹಾವೇರಿ, ಬೀದರಿನಿಂದ ತರುಣರು ಫೋನು ಮಾಡಿ, ಅರ್ಜಿ ಎಲ್ಲಿ ಹಾಕಬೇಕು, ಎತ್ತರ ಎಷ್ಟಿರಬೇಕು, ಪಿಯುಸಿ ಫೇಲಾದವರಿಗೆ ಅವಕಾಶವಿದೆಯೆ ಎಂದು ಕೇಳಿದರು. ರಾಘವನ್ ಅವರ ಹತ್ತಿರ ಹೋಗಿ ಇದು ಸರಿಯಲ್ಲ ಸಾರ್ ಎಂದೆ. ನಾಲ್ಕು ಭಾಷೆಯಲ್ಲಿ ನಾಲ್ಕು ಯುದ್ಧ ತೋರಿಸುತ್ತಿದ್ದೇವೆ ಎಂದರೆ ನಮ್ಮ ವ್ಯಾಪ್ತಿ ಹೆಚ್ಚಾಯಿತು ಅಂತ ಅರ್ಥ ಎಂದು ಅವರು ಸಮಾಧಾನ ಹೇಳಿದರು. ಅವರು ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಾಯಿಲೆಯಿದ್ದರೂ ಮೊದಲು ರಜೆ ಕೊಡುತ್ತಿದ್ದವರು ಅವರೇ. ಆದರೆ ಪರದೆಯ ಮೇಲೆ ಕಾಣುವವರಿಗೂ ಮನೆ, ಕಾಯಿಲೆ ಇರುತ್ತದೆಂಬುದು ಅವರ ತಲೆಗೆ ಹೋಗುತ್ತಿರಲಿಲ್ಲ.

ಮೂಟೆ ಬಂದ ವಾರಕ್ಕೆ ಮರಳುತ್ತೇನೆ. ಮೂಟೆಯ ಹಿಂದೆ ಕೂರಿಸಲು ಒಬ್ಬ ಸೇನಾಧಿಕಾರಿ ಬೇಕಾಗಿತ್ತು. ಹೆಸರಿದ್ದವರನ್ನೆಲ್ಲ ದೊಡ್ಡ ವಾಹಿನಿಗಳು ಆಗಲೇ ಹಿಡಿದುಕೊಂಡಿದ್ದವು. ನಮಗೆ ಸಿಕ್ಕವರು ಕರ್ನಲ್ ಸೋಮಶೇಖರಪ್ಪ. ದಾವಣಗೆರೆ ಕಡೆಯವರು, ನಿವೃತ್ತರಾಗಿ ನಂಗನಲ್ಲೂರಿನಲ್ಲಿ ನೆಲೆಸಿದ್ದರು. ಹಣೆಯಲ್ಲಿ ವಿಭೂತಿ, ಮೆಲು ಮಾತು. ಸೇನೆಯಲ್ಲಿ ಅವರ ಕೆಲಸ ಹೆಚ್ಚಾಗಿ ಪಡಿತರ ಸರಬರಾಜು. ಹರೀಶ್ ಕ್ಷಿಪಣಿಯ ಬಗ್ಗೆ ಕೇಳಿದರೆ ಅವರು, ಆ ಎತ್ತರದಲ್ಲಿ ಬೇಳೆ ಬೇಯುವುದಿಲ್ಲ, ಹಾಗಾಗಿ ಹುಡುಗರಿಗೆ ಹೊಟ್ಟೆನೋವು ಬರುತ್ತದೆ ಎಂದು ಉತ್ತರ ಕೊಡುತ್ತಿದ್ದರು. ಸಮವಸ್ತ್ರ ಹಾಕಿಕೊಳ್ಳಿ ಎಂದರೆ, ನಿವೃತ್ತನಾದವನು ಹಾಗೆಲ್ಲ ಹಾಕಿಕೊಳ್ಳುವಂತಿಲ್ಲ ಎಂದು ಬಿಳಿ ಷರ್ಟಿನಲ್ಲೇ ಕುಳಿತರು.

ಕನ್ನಡದ ಕಾರ್ಯಕ್ರಮವನ್ನೇ ತಮಿಳು ವಾಹಿನಿಗೂ ಬಳಸಿಕೊಳ್ಳುವುದೆಂದು ತೀರ್ಮಾನವಾಯಿತು. ಕರ್ನಲ್ ಮಾತಾಡುತ್ತಿದ್ದಂತೆ ಪಕ್ಕದ ಗಾಜಿನ ಕೋಣೆಯಲ್ಲಿ ಕುಳಿತ ತಂಗವೇಲು ಅದನ್ನು ತಮಿಳಿನಲ್ಲಿ ಹೇಳುತ್ತಿದ್ದ. ಧಾರಾವಾಹಿಗಳ ಖಳನಾಯಕರಿಗೆ ಧ್ವನಿ ಕೊಟ್ಟು ಪಳಗಿದವನು. ಹೊಸೂರಿನಲ್ಲಿ ಕೆಲವು ಕಾಲ ಇದ್ದದ್ದರಿಂದ ಕನ್ನಡ ಅರ್ಧ ತಿಳಿಯುತ್ತಿತ್ತು. ತಿಳಿಯದ ಅರ್ಧಕ್ಕೆ ತನ್ನ ಶೌರ್ಯವನ್ನು ತುಂಬುತ್ತಿದ್ದ.

ಒಂದು ಮಧ್ಯಾಹ್ನ ಹರೀಶ್, ನಮ್ಮ ಸೇನೆ ಗಡಿ ದಾಟಿ ಒಳಗೇ ಹೋಗಿಬಿಡಬೇಕೋ ಬೇಡವೋ, ಒಂದೇ ಮಾತಿನಲ್ಲಿ ಹೇಳಿ ಎಂದು ಕರ್ನಲರನ್ನು ಒತ್ತಾಯಿಸಿದ. ಅವರು ಒಂದೇ ಮಾತಿನಲ್ಲಿ ಹೇಳಲಿಲ್ಲ. ತಾವು ಎಳೆಯ ಕ್ಯಾಪ್ಟನ್ ಆಗಿದ್ದಾಗ ಶಾಂತಿ ಕಾಪಾಡಲೆಂದು ಬೇರೊಂದು ದೇಶಕ್ಕೆ ಹೋಗಿದ್ದ ಕತೆ ಹೇಳಿದರು. ಮೊದಲ ದಿನ ಅಲ್ಲಿನ ಹಳ್ಳಿಯವರು ಆರತಿ ಎತ್ತಿ ಎಳನೀರು ಕೊಟ್ಟರಂತೆ. ತಿಂಗಳುಗಳು ಕಳೆದವು, ಕಾದಾಟ ಬೆಳೆಯಿತು, ಯಾರಿಂದ ಯಾರನ್ನು ಕಾಪಾಡುತ್ತಿದ್ದೇವೆ ಎಂಬುದು ಮಸುಕಾಯಿತು. ಒಂದು ದಿನ ಎಳನೀರು ಕೊಟ್ಟಿದ್ದ ಅದೇ ಹೆಂಗಸು ಇವರನ್ನು ಕಂಡು ಬಾಗಿಲು ಹಾಕಿಕೊಂಡಳು. ಯಾಕಮ್ಮ ಎಂದು ಇವರು ಕೇಳಿದರು.

“ಬಂದವರಿಗೆ ಎಳನೀರು ಕೊಟ್ವಿ, ಹೋಗದವರಿಗೆ ಏನು ಕೊಡೋಣ ಅಂದ್ಲು ರೀ,” ಎಂದರು ಕರ್ನಲ್.

ಆಗ ನಾನು ಕಿವಿಗೆ ಹಾಕಿಕೊಂಡಿದ್ದ ಇಯರ್‌ಫೋನಿನಲ್ಲಿ ಬರುತ್ತಿದ್ದ ತಮಿಳು ಧ್ವನಿ ಗಮನಕ್ಕೆ ಬಂತು. ಅಲ್ಲಿ ತಂಗವೇಲು, ಶತ್ರುಗಳ ತಲೆಯನ್ನು ಎಳನೀರಿನ ಹಾಗೆ ಕೊಚ್ಚಿಹಾಕುತ್ತೇವೆ ಎಂದು ಗುಡುಗುತ್ತಿದ್ದ.

ಕಾರ್ಯಕ್ರಮ ಮುಗಿದ ಮೇಲೆ ನಾನು ಹೋಗಿ ಅವನನ್ನು ಕೇಳಿದೆ. ಎಳನೀರು ಎಂಬ ಮಾತು ಮಾತ್ರ ಸರಿಯಾಗಿ ಕೇಳಿಸಿತು ಅಕ್ಕಾ ಎಂದ. ಯುದ್ಧದ ಕಾರ್ಯಕ್ರಮದಲ್ಲಿ ಅದು ಕೊಚ್ಚುವುದಕ್ಕಲ್ಲದೆ ಮತ್ತೆ ಯಾತಕ್ಕೆ ಬರುತ್ತದೆ ಎಂಬುದು ಅವನ ಪ್ರಶ್ನೆ. ರಾಘವನ್ ಅವರಿಗೆ ದೂರು ಕೊಟ್ಟೆ. ತಮಿಳಿನಲ್ಲಿ ಕರ್ನಲ್ ತುಂಬ ಜನಪ್ರಿಯರಾಗಿದ್ದಾರೆ, ಕನ್ನಡದಲ್ಲಿ ಅಷ್ಟಿಲ್ಲ, ನೀನೇ ಅವರಿಗೆ ಸ್ವಲ್ಪ ಹೇಳಿಕೊಡು ಎಂದು ಅವರು ನನಗೇ ಹೇಳಿ ಕಳಿಸಿದರು.

ಹೀಗೆ ಮೂಟೆಯ ಹಿಂದೆ ನಮ್ಮ ಯುದ್ಧ ನಡೆಯುತ್ತಿದ್ದಾಗ, ಒಂದು ಇಳಿಹೊತ್ತು, ತಮಿಳು ವಿಭಾಗದ ಫೋನಿಗೆ ಯಾರೋ ಒಂದು ವಿಡಿಯೋ ಕಳಿಸಿದರು. ರಾಯಪುರಂನ ಮೀನು ಬಂದರು. ಕಟ್ಟೆಯ ಮೇಲೆ ಹೊಗೆ ಏಳುತ್ತಿದೆ. ಮೇಲೆ ಒಂದು ಡ್ರೋನ್ ಸುತ್ತುತ್ತಿದೆ. ಹೊಗೆಯ ನಡುವಿನಿಂದ ಸೈನಿಕನ ಉಡುಪಿನಲ್ಲಿರುವ ಒಬ್ಬಾತ ಎರಡೂ ಕೈ ಚಾಚಿಕೊಂಡು ಓಡಿಬರುತ್ತಿದ್ದಾನೆ.

ಹೊಗೆ ಗುಲಾಬಿ ಬಣ್ಣದ್ದಾಗಿತ್ತು. ಅದನ್ನು ನೋಡಿ ಯಾರಿಗಾದರೂ ಅನುಮಾನ ಬರಬೇಕಿತ್ತು. ರಾಘವನ್ ಅವರಿಗೂ ಬಂತು. ‘ರಾಸಾಯನಿಕ ಅಸ್ತ್ರ?’ ಎಂದು ಹಾಕಿಸಿದರು. ಕೊನೆಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟುಬಿಟ್ಟರೆ ನಮ್ಮಲ್ಲಿ ಏನನ್ನು ಬೇಕಾದರೂ ಹೇಳಬಹುದಾಗಿತ್ತು. ಆ ಚಿಹ್ನೆಯೇ ನಮ್ಮ ವಕೀಲ. ‘ಚೆನ್ನೈ ಬಂದರಿನ ಮೇಲೆ ಶತ್ರು ಡ್ರೋನ್?’, ‘ರಾಯಪುರಂಗೆ ಸೇನೆ ಪ್ರವೇಶ?’ ಎಂದು ಪಟ್ಟಿಗಳು ಓಡತೊಡಗಿದವು. ಬೇರೆ ವಾಹಿನಿಗಳು ನಮ್ಮನ್ನು ನೋಡಿ ತಾವೂ ಹಾಕಿದವು. ಅವರೂ ಹಾಕಿದ್ದಾರಲ್ಲ ಎಂದು ನಮ್ಮವರಿಗೆ ಧೈರ್ಯ ಬಂತು.

ತಮಿಳು ವರದಿಗಾರ್ತಿ ಸೆಲ್ವಿ ರಾಯಪುರಂ ಕಡೆಯವಳೇ. ಅವಳು ಅಲ್ಲಿಗೆ ಓಡಿದಳು. ಹೋದವಳು ರಾಘವನ್ ಅವರಿಗೆ ಫೋನು ಮಾಡಿ, ಅವರು ತೆಗೆಯದಿದ್ದಾಗ ನನಗೆ ಮಾಡಿದಳು. ಅವಳು ಹೇಳಿದ್ದು ಇಷ್ಟು. ಸೌಕಾರ್‌ಪೇಟೆಯ ಬಂಗಾರದಂಗಡಿಯ ಮಗನೊಬ್ಬನಿಗೆ ಮದುವೆ ಗೊತ್ತಾಗಿದೆ. ಮದುವೆಗೆ ಮೊದಲು ವಿಡಿಯೋ ತೆಗೆಸಿಕೊಳ್ಳುವ ಈಗಿನ ಪದ್ಧತಿಯಂತೆ ಹುಡುಗ ಹುಡುಗಿ ಬಂದರಿಗೆ ಬಂದಿದ್ದಾರೆ. ಯುದ್ಧ ಗೆದ್ದ ಸೈನಿಕ ಮರಳಿ ಬಂದು ಪ್ರೇಯಸಿಯನ್ನು ಸೇರುವುದು ಅವರು ಆರಿಸಿದ ಕತೆ. ಉಡುಪು ಬಾಡಿಗೆಯದು, ಗುಲಾಬಿ ಹೊಗೆಯ ಡಬ್ಬಿ ಅಂಗಡಿಯದು, ಡ್ರೋನು ಛಾಯಾಗ್ರಾಹಕ ಇಲಿಯಾಸನದು. ಇಲಿಯಾಸ್ ರಾಯಪುರಂನ ಹುಡುಗ, ತಂದೆಯಿಲ್ಲ, ತಾಯಿಯ ಜೊತೆ ಇದ್ದಾನೆ. ನಮ್ಮ ಸುದ್ದಿಯನ್ನು ಫೋನಿನಲ್ಲಿ ನೋಡಿದ ಜನ ಅವನ ಮೇಲೆ ಬಿದ್ದಿದ್ದಾರೆ. ಡ್ರೋನು ಪುಡಿಯಾಗಿದೆ. ಅವನು ಓಡಿಹೋಗಿ ಐಸ್ ಫ್ಯಾಕ್ಟರಿಯೊಳಗೆ ಸೇರಿಕೊಂಡಿದ್ದಾನೆ, ಫ್ಯಾಕ್ಟರಿಯವರು ಬಾಗಿಲು ಹಾಕಿದ್ದಾರೆ, ಹೊರಗೆ ಗುಂಪು ಬೆಳೆಯುತ್ತಿದೆ.

“ಅಕ್ಕಾ, ಅವನ ಬ್ಯಾಗಿನ ಮೇಲಿದ್ದ ಹೆಸರನ್ನ ಯಾರೋ ಓದಿ ಆಫೀಸಿಗೆ ಹೇಳಿದಾರೆ,” ಎಂದಳು ಸೆಲ್ವಿ. “ನಮ್ಮ ಪಟ್ಟಿಯಲ್ಲೇ ಓಡ್ತಾ ಇದೆ. ಅದನ್ನ ಮೊದಲು ತೆಗೆಸಿ.”

ತಲೆಯೆತ್ತಿ ನೋಡಿದೆ. ತಮಿಳು ಪರದೆಯ ತಳದಲ್ಲಿ ಇಲಿಯಾಸನ ಹೆಸರು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ.

ರಾಘವನ್ ಅವರ ಕೋಣೆಗೆ ಓಡಿದೆ. ಪೂರ್ತಿ ಕೇಳಿಸಿಕೊಂಡರು. ನಿಜವಾಗಿ ಮರುಗಿದರು. ಆದರೆ ಈಗಲೇ ಹಿಂತೆಗೆದುಕೊಂಡರೆ, ಉಳಿದ ವಾಹಿನಿಗಳು ಇನ್ನೂ ಹೋರಾಡುತ್ತಿರುವಾಗ ನಾವು ಮಾತ್ರ ಶರಣಾದ ಹಾಗೆ ಕಾಣುತ್ತದೆ ಎಂದರು. ‘ಡ್ರೋನ್ ಪ್ರಕರಣಕ್ಕೆ ಹೊಸ ತಿರುವು’ ಎಂದು ಹಾಕೋಣ, ಮೆಲ್ಲಗೆ ಇಳಿಸೋಣ ಎಂದರು. ಹೆಸರು ತೆಗೆಯಲು ಒಪ್ಪಿದರು. ಅಷ್ಟರಲ್ಲಾಗಲೇ ಅದು ಬಹಳ ಹೊತ್ತು ಓಡಿಯಾಗಿತ್ತು.

ಕನ್ನಡದ ಫೋನ್ ಕರೆಗಳು ನನ್ನ ಕೈಯಲ್ಲಿದ್ದವು. ಮದುವೆಯ ಹುಡುಗಿ ನೇಹಾ ಬೆಂಗಳೂರಿನ ಚಿಕ್ಕಪೇಟೆಯವಳೆಂದು ಸೆಲ್ವಿ ಹೇಳಿದ್ದಳು. ಅವಳನ್ನು ಫೋನಿನಲ್ಲಿ ನೇರಪ್ರಸಾರಕ್ಕೆ ತೆಗೆದುಕೊಂಡು, ಪ್ರತ್ಯಕ್ಷದರ್ಶಿಯೊಬ್ಬರು ಮಾತಾಡುತ್ತಾರೆ ಎಂದು ಹರೀಶನ ಕಿವಿಗೆ ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹರೀಶ್ ಗಂಭೀರವಾಗಿ, ಆ ಸೈನಿಕ ಯಾವ ದಿಕ್ಕಿನಿಂದ ಬಂದ ಎಂದು ಕೇಳಿದ.

“ಸೌಕಾರ್‌ಪೇಟೆಯಿಂದ ರೀ. ಕಾರಲ್ಲಿ,” ಎಂದಳು ನೇಹಾ. “ಅವನು ಸೈನಿಕ ಅಲ್ಲ, ನಾನು ಮದುವೆ ಆಗೋ ಹುಡುಗ. ದೀಪಾವಳಿ ಪಟಾಕಿಗೇ ಕಿವಿ ಮುಚ್ಕೊಳ್ತಾನೆ. ನಮ್ ಫೋಟೋಗ್ರಾಫರನ್ನ ಹೊಡೆಯೋಕೆ ಜನ ಕಾಯ್ತಾ ನಿಂತಿದಾರೆ, ದಯವಿಟ್ಟು ಟಿವೀಲಿ ಹೇಳಿ.”

ಹರೀಶ್ ನನ್ನ ಕಡೆ ನೋಡಿದ, ಮೂಟೆಗಳ ಕಡೆ ನೋಡಿದ. ಆಮೇಲೆ ಕರ್ನಲ್ ಕಡೆ ತಿರುಗಿ, ಹಾಗಾದರೆ ಶತ್ರುಗಳು ಮದುವೆಯ ಮರೆಯಲ್ಲಿ ಬಂದಿರಬಹುದಲ್ಲವೇ ಎಂದು ಕೇಳಿದ. ಆ ಕ್ಷಣದಲ್ಲಿ ಅವನಿಗೆ ಬೇರೆ ಪ್ರಶ್ನೆ ಹೊಳೆಯಲಿಲ್ಲವೆಂದು ಅವನೇ ನಂತರ ಹೇಳಿದ.

ಕರ್ನಲ್ ಕನ್ನಡಕ ತೆಗೆದು ಮುಂದಿಟ್ಟರು. “ಮದ್ಲು ಆ ಹುಡುಗಂದು ತಪ್ಪಿಲ್ಲ ಅಂತ ಹೇಳ್ರಿ. ಅಲ್ಲೀವರೆಗೂ ನಾನು ಮಾತಾಡಂಗಿಲ್ಲ.”

ಅಷ್ಟು ಹೇಳಿ ಕೈಕಟ್ಟಿ ಕುಳಿತರು. ಹರೀಶ್ ಮತ್ತೊಂದು ಪ್ರಶ್ನೆ ಕೇಳಿದ, ಅವರು ಬಾಯಿ ಬಿಡಲಿಲ್ಲ. ಜಾಹೀರಾತಿಗೆ ಹೋಗಿ ಬಂದೆವು, ಅವರು ಹಾಗೇ ಕುಳಿತಿದ್ದರು. ಟೀವಿಯಲ್ಲಿ ಮೌನ ಎಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. ಕಡೆಗೆ ಹರೀಶ್ ಬೆವರು ಒರೆಸಿಕೊಂಡು, ರಾಯಪುರಂನ ಛಾಯಾಗ್ರಾಹಕ ಇಲಿಯಾಸ್ ಮದುವೆಯ ಚಿತ್ರೀಕರಣ ಮಾಡುತ್ತಿದ್ದ, ಅವನಿಗೂ ಯಾವ ಶತ್ರುವಿಗೂ ಸಂಬಂಧವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ. ನನಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

ಆದರೆ ಅವನು ಅದನ್ನು ಹೇಳಿದ್ದು ಕನ್ನಡದಲ್ಲಿ. ಬಳ್ಳಾರಿಯಲ್ಲಿ ಕೇಳಿಸಿತು, ಉಡುಪಿಯಲ್ಲಿ ಕೇಳಿಸಿತು. ಐಸ್ ಫ್ಯಾಕ್ಟರಿಯ ಮುಂದೆ ನಿಂತವರ ಫೋನಿನಲ್ಲಿದ್ದದ್ದು ತಮಿಳು ವಾಹಿನಿ. ಅಲ್ಲಿ ಏನಾಯಿತೆಂದು ಆಮೇಲೆ ನೋಡಿದೆ. ಕರ್ನಲ್ ಸುಮ್ಮನೆ ಕುಳಿತಾಗ ತಂಗವೇಲುವಿಗೆ ದಿಕ್ಕು ತೋಚಿರಲಿಲ್ಲ. ಕೆಲಸ ನಿಲ್ಲಬಾರದೆಂದು ಆ ಮೌನಕ್ಕೂ ಧ್ವನಿ ಕೊಟ್ಟಿದ್ದ. ಬಾಯಿ ಮುಚ್ಚಿ ಕೈಕಟ್ಟಿ ಕುಳಿತ ಕರ್ನಲರ ಒಳಗಿನಿಂದ, ಒಬ್ಬನನ್ನೂ ಬಿಡುವುದಿಲ್ಲ ಎಂಬ ಗರ್ಜನೆ ಬರುತ್ತಿತ್ತು. ಹರೀಶನ ಮಾತು ಬರುವ ಹೊತ್ತಿಗೆ ತಮಿಳಿನವರು ಬೇರೆ ಕಾರ್ಯಕ್ರಮಕ್ಕೆ ಹೋಗಿದ್ದರು.

ಕರ್ನಲ್ ಮೈಕು ಬಿಚ್ಚಿಟ್ಟು ಹೊರಗೆ ಬಂದರು. ಅಲ್ಲಿಗೇ ಹೋಗೋಣ ನಡೀರಿ ಎಂದರು. ಆ ಹೊತ್ತಿನಲ್ಲಿ ರಸ್ತೆಯನ್ನು ನಂಬುವ ಹಾಗಿರಲಿಲ್ಲ. ಗಿಂಡಿಯಲ್ಲಿ ಮೆಟ್ರೋ ಹಿಡಿದೆವು. ಬೋಗಿಯಲ್ಲಿ ಜನ ಅವರನ್ನು ಗುರುತಿಸಿ ಸೆಲ್ಫಿಗೆ ಮುತ್ತಿಕೊಂಡರು. ಒಬ್ಬಾತ, ಆ ಎಳನೀರಿನ ಡೈಲಾಗನ್ನು ಒಮ್ಮೆ ಹೇಳಿ ಸಾರ್ ಎಂದು ಬೇಡಿಕೊಂಡ. ಕರ್ನಲ್ ನನ್ನ ಮುಖ ನೋಡಿದರು. ಅಷ್ಟು ದಿನ ಅವರಿಗೆ ತಿಳಿದಿರಲಿಲ್ಲ. ನಾನು ಆ ಬೋಗಿಯಲ್ಲೇ, ಅವರ ಬಾಯಲ್ಲಿ ಏನೇನು ಹೇಳಿಸಲಾಗಿದೆ ಎಂಬುದನ್ನು ಹೇಳಬೇಕಾಯಿತು. ಅವರು ಸಿಟ್ಟಾಗಲಿಲ್ಲ. ಎಳನೀರು ಕೊಟ್ಟ ಆ ಹೆಂಗಸು ಟೀವಿ ನೋಡುತ್ತಿದ್ದರೆ ಏನಂದುಕೊಂಡಾಳು ಎಂದು ಕೇಳಿ ಕಿಟಕಿಯ ಕಡೆ ತಿರುಗಿದರು. ಮೆಟ್ರೋ ಸುರಂಗದಲ್ಲಿತ್ತು, ಹೊರಗೆ ನೋಡಲು ಏನೂ ಇರಲಿಲ್ಲ.

ವಾಷರ್‌ಮನ್‌ಪೇಟೆಯಲ್ಲಿ ಇಳಿದು ಆಟೋ ಮಾಡಿಕೊಂಡು ಹೋದೆವು. ಐಸ್ ಫ್ಯಾಕ್ಟರಿಯ ಮುಂದೆ ಬೀದಿ ತುಂಬ ಜನ. ಅವರಲ್ಲಿ ಮೀನುಗಾರರು ಕಡಿಮೆ, ಎಲ್ಲೆಲ್ಲಿಂದಲೋ ಬೈಕಿನಲ್ಲಿ ಬಂದವರು ಹೆಚ್ಚು. ಬಾಗಿಲಿಗೆ ಬೆನ್ನು ಕೊಟ್ಟು ಇಬ್ಬರು ಪೊಲೀಸರು ನಿಂತಿದ್ದರು, ಇನ್ನಷ್ಟು ಜನ ಬರಲೆಂದು ಕಾಯುತ್ತಿದ್ದರು. ಅವರ ಪಕ್ಕದಲ್ಲಿ ಸೆಲ್ವಿ. ಅವಳ ಕೈ ಹಿಡಿದುಕೊಂಡು ಬುರ್ಖಾ ಹಾಕಿದ ಒಬ್ಬ ಹೆಂಗಸು, ಇಲಿಯಾಸನ ತಾಯಿ. ಆಕೆ ಅಳುತ್ತಿರಲಿಲ್ಲ. ಒಳಗೆ ಚಳಿ, ಅವನಿಗೆ ಚಿಕ್ಕಂದಿನಿಂದ ಉಬ್ಬಸ ಎಂದು ಎಲ್ಲರಿಗೂ ಹೇಳುತ್ತಿದ್ದಳು.

ಕರ್ನಲರನ್ನು ಕಂಡು ಗುಂಪಿಗೆ ಹುರುಪು ಬಂತು. ದಾರಿ ಬಿಟ್ಟರು. ಅವರು ಮೀನಿನ ಪೆಟ್ಟಿಗೆಯೊಂದರ ಮೇಲೆ ನಿಂತು ತಮ್ಮ ಹರುಕು ತಮಿಳಿನಲ್ಲಿ, ಮೆಲುದನಿಯಲ್ಲಿ, ಇದು ಮದುವೆಯ ಫೋಟೋ ಅಪ್ಪಾ, ಹುಡುಗ ಒಳ್ಳೆಯವನು ಎಂದರು. ಗುಂಪಿನಲ್ಲಿ ಗುಸುಗುಸು ಹಬ್ಬಿತು. ಮುಂದೆ ನಿಂತಿದ್ದವನೊಬ್ಬ, ಇದು ಅವರ ಧ್ವನಿಯೇ ಅಲ್ಲ ಎಂದ. ನಿಜವಾದ ಕರ್ನಲ್ ಹೀಗೆ ಮಾತಾಡುವುದಿಲ್ಲ ಎಂದ ಇನ್ನೊಬ್ಬ. ಇವನು ಯಾರೋ ವೇಷ ಹಾಕಿಕೊಂಡು ಬಂದಿದ್ದಾನೆ ಎಂದು ಮೂರನೆಯವನು ತೀರ್ಪು ಕೊಟ್ಟ. ಕರ್ನಲ್ ಸೇನೆಯ ಗುರುತಿನ ಚೀಟಿ ತೆಗೆದರು. ಮುಂದಿದ್ದವರು ಅದನ್ನು ತೆಗೆದುಕೊಂಡು ಹಿಂದುಮುಂದು ತಿರುಗಿಸಿ, ಈಗ ಇದನ್ನೆಲ್ಲ ಎಲ್ಲಿ ಬೇಕಾದರೂ ಪ್ರಿಂಟು ಹಾಕಿಸಬಹುದು ಎಂದು ಹಿಂದೆ ಕೊಟ್ಟರು.

ನಾನು ಪೆಟ್ಟಿಗೆ ಹತ್ತಿದೆ. ತಿರುವಲ್ಲಿಕ್ಕೇಣಿಯ ತಮಿಳಿನಲ್ಲಿ, ಇದ್ದ ಗಂಟಲನ್ನೆಲ್ಲ ಬಳಸಿ, ಸುದ್ದಿ ಕೊಟ್ಟದ್ದು ನಮ್ಮ ವಾಹಿನಿ, ಸುದ್ದಿ ತಪ್ಪು, ನಮ್ಮ ವಾಹಿನಿಯವಳೇ ಹೇಳುತ್ತಿದ್ದೇನೆ ಎಂದೆ. ಜನ ಕೇಳಿಸಿಕೊಂಡರು. ಆಮೇಲೆ ಒಬ್ಬ ಶಾಂತವಾಗಿ ಕೇಳಿದ. “ಎಲ್ಲಾ ಸರಿ ಅಮ್ಮಾ. ಹಾಗಾದ್ರೆ ಆ ಮಿಲಿಟರಿಯವರು ಯಾಕೆ ಬಂದ್ರು?”

ಬೀದಿಯ ತುದಿಯಲ್ಲಿ ಕಾರಿನೊಳಗೆ ಮದುವೆಯ ಹುಡುಗ ಅಡಗಿ ಕುಳಿತಿದ್ದ. ಗುಂಪಿನ ಹಿಂದೆ ನಿಂತಿದ್ದ ನೇಹಾ ಇದನ್ನು ಕೇಳಿ, ಓಡಿಹೋಗಿ ಕಾರಿನ ಬಾಗಿಲು ತೆಗೆದು ಅವನನ್ನು ಹೊರಗೆ ತಳ್ಳಿದಳು. ಇವನೇ ಆ ಮಿಲಿಟರಿ, ಬಂಗಾರದಂಗಡಿಯವನು, ಮುಖ ನೋಡಿ ಎಂದು ತೋರಿಸುವುದು ಅವಳ ಉದ್ದೇಶ. ಅವನು ಬಾಡಿಗೆಯ ಸಮವಸ್ತ್ರದಲ್ಲಿ, ಎದೆಯ ತುಂಬ ಪದಕಗಳೊಂದಿಗೆ, ಹೆದರಿ ಬಿಳಿಚಿಕೊಂಡು ನಿಂತ.

ಗುಂಪು ಅವನನ್ನು ನೋಡಿ ತೆಪ್ಪಗಾಯಿತು. ಒಬ್ಬಿಬ್ಬರು ಸೆಟೆದು ನಿಂತರು. ಯಾರೋ ಸೆಲ್ಯೂಟು ಹೊಡೆದರು. ಹುಡುಗ ಗಾಬರಿಯಲ್ಲಿ ಎಡಗೈ ಎತ್ತಿ ತಿರುಗಿ ಸೆಲ್ಯೂಟು ಹೊಡೆದ.

ನಾನು ಅದು ಸುಳ್ಳು ಎಂದು ಕೂಗಲು ಬಾಯಿ ತೆರೆದೆ. ಕರ್ನಲ್ ನನ್ನ ಕೈ ಒತ್ತಿದರು. ಪೆಟ್ಟಿಗೆಯ ಪಕ್ಕದಿಂದ ಎರಡು ಹೆಜ್ಜೆ ಮುಂದೆ ಬಂದು, ಬೆನ್ನು ನೆಟ್ಟಗೆ ಮಾಡಿ, ಆ ಬಂಗಾರದಂಗಡಿಯ ಹುಡುಗನಿಗೆ ಸೆಲ್ಯೂಟು ಹೊಡೆದರು. ಅದು ನಿಜವಾದ ಸೆಲ್ಯೂಟು. ನೋಡಿದವರಿಗೆ ತಿಳಿಯುತ್ತಿತ್ತು. ಆಮೇಲೆ ಹತ್ತಿರ ಹೋಗಿ ಅವನ ಕಿವಿಯಲ್ಲಿ, ಒಳಗೆ ಹೋಗಿ ನಿನ್ನ ಫೋಟೋಗ್ರಾಫರನ ಕೈ ಹಿಡಿದು ಕರೆದುಕೊಂಡು ಬಾ, ಯಾರ ಮುಖವನ್ನೂ ನೋಡಬೇಡ ಎಂದು ಹೇಳಿಕೊಟ್ಟರು. ಜನ ಎರಡು ಪಾಲಾಗಿ ದಾರಿ ಕೊಟ್ಟರು. ಪೊಲೀಸರು ಬಾಗಿಲು ಬಿಟ್ಟರು. ಹುಡುಗ ಒಳಗೆ ಹೋದ. ಹೊರಗೆ ಬಂದಾಗ ಅವನ ಸಮವಸ್ತ್ರದ ಕೋಟು ಇಲಿಯಾಸನ ಮೈಮೇಲಿತ್ತು. ಇಲಿಯಾಸನ ತುಟಿ ನೀಲಿಗಟ್ಟಿತ್ತು. ಉಸಿರು ಸೀಟಿಯಂತೆ ಕೇಳುತ್ತಿತ್ತು. ತಾಯಿ ಆಟೋದಲ್ಲಿ ಅವನನ್ನು ಅವುಚಿಕೊಂಡು ಆಸ್ಪತ್ರೆಗೆ ಹೋದಳು. ಜನ ಜೈಕಾರ ಹಾಕಿ ಚದುರಿದರು. ಯಾರಿಗೆ ಜೈ ಎಂದು ನನಗೆ ಈಗಲೂ ಗೊತ್ತಿಲ್ಲ.

ಹಿಂದಿರುಗುವಾಗ ನಾನು ಕರ್ನಲರನ್ನು ಕೇಳಿದೆ, ಸಮವಸ್ತ್ರದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಿನವರು ನೀವು, ಬೇಸರವಾಗಲಿಲ್ಲವೇ ಎಂದು. ಬೇಸರ ಆಯಿತು, ಆದರೆ ಒಳಗಿದ್ದವನಿಗೆ ಉಬ್ಬಸ ಇತ್ತಲ್ರಿ ಎಂದರು.

ಅದಾದ ಮೇಲೆ ನಡೆದದ್ದನ್ನೂ ಹೇಳಬೇಕು. ಅಂದಿನ ನಮ್ಮ ತಮಿಳು ಪ್ರಸಾರವನ್ನು ಬಹಳ ಜನ ನೋಡಿದ್ದರೆಂದು ರಾಘವನ್ ಎಲ್ಲರಿಗೂ ಸಿಹಿ ಹಂಚಿಸಿದರು. ಕರ್ನಲರನ್ನು ಮತ್ತೆ ಕರೆಯಲಿಲ್ಲ. ಅವರ ಧ್ವನಿ ಅವರ ವ್ಯಕ್ತಿತ್ವಕ್ಕೆ ಹೊಂದುವುದಿಲ್ಲ ಎಂದು ವೀಕ್ಷಕರಿಂದ ದೂರು ಬಂದಿತ್ತಂತೆ. ಆ ಕುರ್ಚಿಯಲ್ಲಿ ತಂಗವೇಲುವನ್ನೇ ಕೂರಿಸಿದರು, ರಕ್ಷಣಾ ತಜ್ಞ ಎಂದು ಹೆಸರಿನ ಕೆಳಗೆ ಹಾಕಿದರು. ಅವನು ನನ್ನ ಹತ್ತಿರ ಬಂದು, ಅಕ್ಕಾ, ನನಗೆ ನಿಜವಾಗಿ ಏನೂ ಗೊತ್ತಿಲ್ಲ, ಏನು ಮಾಡಲಿ ಎಂದು ಕೇಳಿದ. ಗೊತ್ತಿಲ್ಲ ಎಂದು ಹೇಳು ಎಂದೆ. ಒಮ್ಮೆ ಹಾಗೇ ಹೇಳಿದ. ಅದನ್ನು ಅವನು ಹೇಳಿದ ರೀತಿಗೆ ಸ್ಟುಡಿಯೋ ನಡುಗಿತು. ಸೇನೆಯ ರಹಸ್ಯ ಬಿಟ್ಟುಕೊಡದ ದೇಶಭಕ್ತನೆಂದು ಅವನಿಗೆ ಇನ್ನಷ್ಟು ಹೆಸರು ಬಂತು. ಕೆಲವೇ ದಿನಗಳಲ್ಲಿ ಗಡಿಯಲ್ಲಿ ಗುಂಡು ನಿಂತಿತು. ಸುದ್ದಿಮನೆಯಲ್ಲಿ ಸೂತಕದ ಕಳೆಯಿತ್ತು. ಅಂಟಿಸಿದ್ದ ಮೂಟೆಗಳನ್ನು ಬಿಡಿಸಲಾಗದೆ, ಗೋಡೆಯನ್ನು ಇಡಿಯಾಗಿ ಹೊತ್ತು ವಡಪಳನಿಗೆ ವಾಪಸು ಮಾಡಿದರು.

ನೇಹಾಳ ಮದುವೆಗೆ ನನ್ನನ್ನೂ ಕರೆದಿದ್ದರು. ಆರತಕ್ಷತೆಯಲ್ಲಿ ದೊಡ್ಡ ಪರದೆಯ ಮೇಲೆ ಅವರ ವಿಡಿಯೋ ಹಾಕಿದರು. ಇಲಿಯಾಸನ ಡ್ರೋನು ತೆಗೆದ ಚಿತ್ರ ಡ್ರೋನಿನ ಜೊತೆಗೇ ಹೋಗಿದ್ದರಿಂದ, ನಮ್ಮ ವಾಹಿನಿಯ ಪ್ರಸಾರವನ್ನೇ ಅದರಲ್ಲಿ ಸೇರಿಸಿಕೊಂಡಿದ್ದರು. ಗುಲಾಬಿ ಹೊಗೆ, ಕೈ ಚಾಚಿ ಓಡುವ ವರ, ಕೆಳಗೆ ‘ರಾಸಾಯನಿಕ ಅಸ್ತ್ರ?’ ಎಂಬ ಪಟ್ಟಿ. ಸಭಾಂಗಣವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ನೇಹಾ ನಗಲಿಲ್ಲ. ನನ್ನ ಪಕ್ಕಕ್ಕೆ ಬಂದು, ಇಲಿಯಾಸ್ ಬರಲಿಲ್ಲ ಆಂಟಿ, ಎಷ್ಟು ಕರೆದರೂ ಬರಲಿಲ್ಲ ಎಂದಳು.

ಅವನು ಬಂದದ್ದು ಗಿಂಡಿಗೆ, ಹಲವು ತಿಂಗಳ ನಂತರ, ತಾಯಿಯ ಜೊತೆ. ಯಾರಾದರೂ ಅವನ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಇಂದಿಗೂ ಮೊದಲು ಬರುವುದು ನಮ್ಮ ಆ ಪಟ್ಟಿಯೇ. ಚಿತ್ರ ತೆಗೆಸಲೆಂದು ಬಂದ ಮದುವೆ ಮನೆಯವರು ಮಾತಾಡಿ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಆ ವಿಡಿಯೋ ತೆಗೆಯಿರಿ, ಇಲ್ಲವೇ ತಮಿಳಿನಲ್ಲಿ ಒಂದು ಸಲ ಸರಿಯಾಗಿ ಹೇಳಿ ಎಂದು ಅವನು ಕೇಳಿದ. ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕಳಿಸಿದರು. ಹೇಳಿದ್ದನ್ನು ಹಿಂದೆ ಪಡೆಯುವುದಕ್ಕೆ ನಮ್ಮಲ್ಲಿ ಬೇರೆ ವಿಭಾಗವಿಲ್ಲ ಎಂದು ಕೊನೆಯ ಮೇಜಿನವರು ಹೇಳಿದರು. ನಾನು ಅವರಿಬ್ಬರನ್ನು ರಾಘವನ್ ಬಳಿ ಕರೆದುಕೊಂಡು ಹೋದೆ. ಅವರು ಕುಳ್ಳಿರಿಸಿ ಕಾಫಿ ಕೊಡಿಸಿದರು, ಉಬ್ಬಸಕ್ಕೆ ಒಳ್ಳೆಯ ವೈದ್ಯರ ಹೆಸರು ಹೇಳಿದರು. ಆದರೆ ಹಳೆಯದು ಸುದ್ದಿಯಲ್ಲವಲ್ಲಪ್ಪಾ ಎಂದರು. ಇಲಿಯಾಸ್ ಕಾಫಿ ಕುಡಿಯದೆ ಎದ್ದ. ತಾಯಿ ಬಾಗಿಲಲ್ಲಿ ನಿಂತು, ನಿಮಗೆ ಹಳೆಯದು ಅಷ್ಟೆ ಎಂದಳು.

ಮುಂದೆ ಸೆಲ್ವಿ ಬೀದಿ ಸುತ್ತುವ ಕೆಲಸ ಬಿಟ್ಟು ತಮಿಳು ವಾರ್ತೆಯನ್ನು ಸಿದ್ಧಪಡಿಸುವ ಮೇಜಿಗೆ ಬಂದಳು. ನಾನು ನಿವೃತ್ತಳಾಗುವ ದಿನ, ನಿಮಗೆ ಏನು ಕೊಡಲಿ ಅಕ್ಕಾ ಎಂದು ಕೇಳಿದಳು. ಏನು ಬೇಕೆಂದು ಹೇಳಿದೆ. ಅವಳು ಆಗಲಿ ಎಂದು ತಲೆಯಾಡಿಸಿದಳು.

ಆ ಮಧ್ಯಾಹ್ನದ ತಮಿಳು ವಾರ್ತೆಯಲ್ಲಿ, ಚಿನ್ನದ ಬೆಲೆ ಆದ ಮೇಲೆ, ಹವಾಮಾನಕ್ಕೆ ಮೊದಲು, ವಾರ್ತೆ ಓದುವವಳು ಒಂದು ಸಾಲು ಓದಿದಳು. ರಾಯಪುರಂನ ಛಾಯಾಗ್ರಾಹಕ ಇಲಿಯಾಸ್ ಮದುವೆಯ ಚಿತ್ರ ತೆಗೆಯುತ್ತಿದ್ದರು, ಅವರು ಯಾವ ಅಪರಾಧವನ್ನೂ ಮಾಡಿಲ್ಲ. ಕೆಳಗಿನ ಪಟ್ಟಿಯಲ್ಲೂ ಅದು ಓಡಿತು. ಕೊನೆಯಲ್ಲಿ ಬರೀ ಒಂದು ಚುಕ್ಕೆ ಇತ್ತು.

ನನ್ನ ಮೇಜಿನ ಫೋನು ಹೊಡೆದುಕೊಂಡಿತು. ರಾಘವನ್. ಅವರಿಗೆ ಸಿಟ್ಟು ಬಂದಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದರು.

“ಯಾರಮ್ಮಾ ಇದು ಇಲಿಯಾಸ್? ಏನು ಮಾಡಿದ ಅವನು?”

“ಏನೂ ಮಾಡಿಲ್ಲ ಸಾರ್,” ಎಂದೆ. “ಅದೇ ಸುದ್ದಿ.”